ಪ್ರಾಣ, ಆರೋಗ್ಯ ಮತ್ತು ಕಾನೂನು

ಗರ್ಭಪಾತದ ವಿಷಯದಲ್ಲಿ ಅನೇಕ ದೇಶಗಳ ಶಾಸನಗಳು ಒಂದು ಗೆರೆಯನ್ನೆಳೆದಿವೆ: ತಾಯಿಯ ಪ್ರಾಣಕ್ಕೆ ಸಂಚಕಾರ ಬಂದಾಗ ವೈದ್ಯನು ಗರ್ಭವನ್ನು ತೆಗೆಯಬಹುದು, ಆಕೆಯ ಆರೋಗ್ಯ ಕೆಡುವುದೆಂಬ ಮಾತ್ರಕ್ಕೆ ತೆಗೆಯಕೂಡದು. ಶರೀರವು ಈ ಗೆರೆಯನ್ನು ಬಲ್ಲುದೆ? ಐರ್ಲೆಂಡಿನ ಇತಿಹಾಸವು ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಆ ಇತಿಹಾಸದಲ್ಲಿ ನಮ್ಮ ಬೆಳಗಾವಿಯ ಹೆಸರೂ ಸೇರಿಹೋಗಿದೆ.

ಭಾರತ ಮತ್ತು ಐರ್ಲೆಂಡುಗಳ ಕಾನೂನಿನ ಮೂಲ ಒಂದೇ, ಬ್ರಿಟಿಷರ ಆಡಳಿತ. 1860ರ ಭಾರತೀಯ ದಂಡ ಸಂಹಿತೆಯು ಗರ್ಭಪಾತವನ್ನು ಅಪರಾಧವೆಂದು ಸಾರಿ, ತಾಯಿಯ ಪ್ರಾಣವನ್ನುಳಿಸಲು ಸದ್ಭಾವನೆಯಿಂದ ಮಾಡಿದುದನ್ನು ಮಾತ್ರ ಹೊರಗಿರಿಸಿತು. ಮರುವರ್ಷ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಶಾಸನವು ಐರ್ಲೆಂಡಿನಲ್ಲಿ ಈ ಕೃತ್ಯಕ್ಕೆ ಆಜೀವ ಸೆರೆವಾಸದವರೆಗೆ ಶಿಕ್ಷೆ ವಿಧಿಸಿತು. ಆ ದೇಶ ಸ್ವತಂತ್ರವಾದ ಮೇಲೂ ಅದು ಉಳಿದುಬಂದಿತು.

ಮುಂದೆ ಹಾದಿಗಳು ಬೇರೆಯಾದವು. ಗುಟ್ಟಾಗಿ, ಅಶುಚಿಯಾದ ಕ್ರಮಗಳಿಂದ ನಡೆಯುತ್ತಿದ್ದ ಗರ್ಭಪಾತಗಳಿಗೆ ಸ್ತ್ರೀಯರು ಬಲಿಯಾಗುತ್ತಿದ್ದುದನ್ನು ಕಂಡು ಭಾರತ ಸರ್ಕಾರವು 1964ರಲ್ಲಿ ಶಾಂತಿಲಾಲ್ ಷಾ ಸಮಿತಿಯನ್ನು ನೇಮಿಸಿತು. ಅದರ ಫಲವಾದ 1971ರ ಕಾಯಿದೆಯು, 20 ವಾರಗಳವರೆಗೆ, ತಾಯಿಯ ದೈಹಿಕ ಇಲ್ಲವೆ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿಯಾಗುವ ಸಂಭವವನ್ನೂ ಕಾರಣವೆಂದು ಒಪ್ಪಿತು. ಐರ್ಲೆಂಡಾದರೋ 1983ರಲ್ಲಿ ಜನಮತಗಣನೆಯ ಮೂಲಕ ಸಂವಿಧಾನಕ್ಕೆ 8ನೆಯ ತಿದ್ದುಪಡಿ ಮಾಡಿ, ಹುಟ್ಟದ ಶಿಶುವಿಗೂ ತಾಯಿಗೂ ಬದುಕುವ ಹಕ್ಕು ಸಮಾನವೆಂದಿತು. ತಾಯಿಯ ಪ್ರಾಣಕ್ಕೆ ನಿಜವಾದ, ಗಣನೀಯವಾದ ಅಪಾಯವಿದ್ದರೆ ಗರ್ಭಪಾತ ಸಲ್ಲುವುದೆಂದೂ, ಆರೋಗ್ಯಕ್ಕಷ್ಟೇ ಅಪಾಯವಿದ್ದರೆ ಸಲ್ಲದೆಂದೂ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ನಿರ್ಣಯಿಸಿತು.

2012ರ ಅಕ್ಟೋಬರಿನಲ್ಲಿ, ಬೆಳಗಾವಿಯಲ್ಲಿ ಬೆಳೆದ 31 ವರ್ಷದ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯನ್ನು ಸೇರಿದರು. ಗರ್ಭಕ್ಕೆ 17 ವಾರ. ಗರ್ಭೋದಕದ ಪೊರೆ ಒಡೆಯಿತು, ಶಿಶು ಉಳಿಯುವಂತಿರಲಿಲ್ಲ. ಗರ್ಭವನ್ನು ತೆಗೆಯಬೇಕೆಂದು ದಂಪತಿಗಳು ಕೇಳಿಕೊಂಡರು. ಭ್ರೂಣದ ಹೃದಯವಿನ್ನೂ ಮಿಡಿಯುತ್ತಿದ್ದುದರಿಂದ ವೈದ್ಯರು ಒಪ್ಪಲಿಲ್ಲ. ಅಕ್ಟೋಬರ್ 28ರಂದು ಸವಿತಾ ರಕ್ತದ ನಂಜಿನಿಂದ ತೀರಿಕೊಂಡರು.

ಇದು ನಡೆಯುವ ಬಗೆಯನ್ನು ವಾಚಕರು ಗಮನಿಸಬೇಕು. ಪೊರೆಯು ಗರ್ಭಾಶಯಕ್ಕೆ ಕೋಟೆಯಂತಿರುವುದು. ಅದು ಒಡೆದೊಡನೆ ರೋಗಾಣುಗಳು ಮೇಲೇರಲು ದಾರಿಯಾಗುತ್ತದೆ. ಅವು ರಕ್ತವನ್ನು ಹೊಕ್ಕರೆ, ಅವುಗಳನ್ನೆದುರಿಸಲು ಹೊರಟ ದೇಹರಕ್ಷಣೆಯೇ ಅಂಕೆ ಮೀರುವುದುಂಟು. ರಕ್ತನಾಳಗಳು ಹಿಗ್ಗಿ ಸೋರುತ್ತವೆ. ರಕ್ತದ ಒತ್ತಡ ಕುಸಿಯುತ್ತದೆ. ಮೂತ್ರಪಿಂಡ, ಶ್ವಾಸಕೋಶಗಳು ಸೋಲುತ್ತವೆ. ಬೆಳಗ್ಗೆ ಆರೋಗ್ಯದ ಅಪಾಯವಾಗಿದ್ದುದು ಸಂಜೆಗೆ ಪ್ರಾಣಾಪಾಯವಾಗಬಹುದು. ನಡುವೆ ಗುರುತಿನ ಕಲ್ಲೇನೂ ಇಲ್ಲ.

ಆರೈಕೆಯಲ್ಲಿ ನಿಗಾ ಸಾಲದೆಹೋಯಿತೆಂದು 2013ರ ವಿಚಾರಣಾ ವರದಿ ಹೇಳಿತು. ತಪ್ಪು ಚಿಕಿತ್ಸೆಯದು, ಕಾನೂನಿನದಲ್ಲ ಎಂದು ತಿದ್ದುಪಡಿಯ ಪಕ್ಷದವರು ವಾದಿಸಿದರು. ಭ್ರೂಣವೂ ರಕ್ಷಣೆಗೆ ಅರ್ಹವಾದ ಜೀವವೆಂಬುದು ಅವರ ನಿಲುವು. ಆದರೆ ಕಾನೂನಿನ ಅಂಜಿಕೆಯು ವೈದ್ಯರ ನಿರ್ಧಾರವನ್ನು ತಡೆದುದನ್ನೂ ಅದೇ ವರದಿ ಗುರುತಿಸಿತ್ತು. 2018ರ ಮೇ 25ರಂದು ಶೇಕಡ 66.4ರಷ್ಟು ಮತದಾರರು 8ನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. 2019ರ ಜನವರಿಯಿಂದ ಅಲ್ಲಿ 12 ವಾರಗಳವರೆಗೆ ಸ್ತ್ರೀಯ ಕೋರಿಕೆಯೇ ಸಾಕು. ಅನಂತರ ಆರೋಗ್ಯಕ್ಕೆ ತೀವ್ರ ಹಾನಿಯ ಅಪಾಯವೂ ಕಾರಣವಾಗಬಲ್ಲುದು.

ಭಾರತವು 2021ರಲ್ಲಿ ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು 24 ವಾರಗಳಿಗೆ ಹೆಚ್ಚಿಸಿತು. ಆದರೂ ದಂಡಶಾಸನದಲ್ಲಿ ಗರ್ಭಪಾತವು ಅಪರಾಧವಾಗಿಯೇ ಉಳಿದಿದೆ. ವೈದ್ಯರ ಅಭಿಪ್ರಾಯವಿಲ್ಲದೆ ವಿನಾಯಿತಿಯಿಲ್ಲ. ಆದುದರಿಂದ ವೈದ್ಯನು ಕಾನೂನಿಗಂಜಿ ತಡಮಾಡುವ ಸಂಭವ ನಮ್ಮಲ್ಲಿಯೂ ತಪ್ಪಿಲ್ಲ. ಗಂಟೆಗಳ ಲೆಕ್ಕದಲ್ಲಿ ಏರುವ ನಂಜಿನೆದುರು ಆ ತಡದ ಬೆಲೆಯೇನೆಂಬುದನ್ನು ಬೆಳಗಾವಿಯ ಒಂದು ಮನೆ ಅರಿತಿದೆ.