ಅಪವರ್ತ್ಯಗಳು ಮತ್ತು ಸಾಮಾನ್ಯ ಅಪವರ್ತ್ಯಗಳು: ಪರಿಕಲ್ಪನೆ ಹಾಗೂ ಪರಿಭಾಷೆ

ಒಂದು ಸಂಖ್ಯೆಯನ್ನು ಪೂರ್ಣ ಸಂಖ್ಯೆಗಳಿಂದ ಗುಣಿಸಿದಾಗ ದೊರೆಯುವ ಗುಣಲಬ್ಧಗಳೇ ಆ ಸಂಖ್ಯೆಯ ಅಪವರ್ತ್ಯಗಳು. ಆರರ ಮಗ್ಗಿಯನ್ನು ತಡವರಿಸದೆ ಹೇಳುವ ವಿದ್ಯಾರ್ಥಿಗೆ 6, 12, 18, 24 ಎಂಬ ಅಪವರ್ತ್ಯಗಳು ಆಗಲೇ ತಿಳಿದಿವೆ. ಆದರೂ ‘6ರ ಅಪವರ್ತ್ಯಗಳನ್ನು ಬರೆಯಿರಿ’ ಎಂದಾಗ ಅದೇ ವಿದ್ಯಾರ್ಥಿ 1, 2, 3, 6 ಎಂದು ಬರೆಯುವುದುಂಟು. ಇಲ್ಲಿ ಕೊರತೆಯಿರುವುದು ಲೆಕ್ಕದಲ್ಲಲ್ಲ, ಪದದ ಗ್ರಹಿಕೆಯಲ್ಲಿ.

‘ಅಪವರ್ತನ’, ‘ಅಪವರ್ತ್ಯ’ ಎಂಬ ಪದಗಳ ಭೇದವು ಕೊನೆಯಲ್ಲಿ ಮಾತ್ರ ಕಾಣುತ್ತದೆ. ಮ.ಸಾ.ಅ., ಲ.ಸಾ.ಅ. ಎಂಬ ಸಂಕ್ಷೇಪಗಳಲ್ಲಿ ಎರಡೂ ಒಂದೇ ‘ಅ’ಕಾರವಾಗುತ್ತವೆ. ಆದುದರಿಂದ ಮೊದಲ ಕೆಲವು ಪಾಠಗಳಲ್ಲಿ ಸಂಕ್ಷೇಪಗಳನ್ನು ಬಿಟ್ಟು ಪೂರ್ಣರೂಪವನ್ನೇ ಬಳಸುವುದು ಒಳಿತು.

ಹಿಂದೂಪುರ, ಕಲ್ಯಾಣದುರ್ಗಗಳ ಮಕ್ಕಳು ತೆಲುಗಿನ ಗಣಿತ ಪದಗಳನ್ನೂ ಕೇಳುತ್ತಿರುತ್ತಾರೆ. ತೆಲುಗಿನ ‘ಗುಣಿಜಂ’ ನಮ್ಮ ಅಪವರ್ತ್ಯ. ‘ಕಾರಣಾಂಕಂ’ ನಮ್ಮ ಅಪವರ್ತನ. ‘ಗುಣಿಜಂ’ ಎಂಬಲ್ಲಿ ಗುಣಿಸುವ ಕ್ರಿಯೆ ಸ್ಪಷ್ಟವಾಗಿರುವುದರಿಂದ ಅದನ್ನು ಹೋಲಿಕೆಗೆ ಬಳಸಬಹುದು. ಎಲ್ಲ ಪದಗಳೂ ಹೀಗೆ ನೆರವಾಗುವುದಿಲ್ಲ. ಕನ್ನಡದಲ್ಲಿ 0, 1, 2, 3… ‘ಪೂರ್ಣ ಸಂಖ್ಯೆಗಳು’. ಋಣಸಂಖ್ಯೆಗಳೂ ಸೇರಿದರೆ ‘ಪೂರ್ಣಾಂಕಗಳು’. ತೆಲುಗು ಪಠ್ಯದಲ್ಲಿ ಈ ಹೆಸರುಗಳು ಅದಲುಬದಲಾಗಿವೆ. ಇದನ್ನು ಶಿಕ್ಷಕರು ಮೊದಲೇ ತಿಳಿಸಬೇಕು.

ಸಾಮಾನ್ಯ ಅಪವರ್ತ್ಯವನ್ನು ವಿವರಿಸಲು ಕಡಲೆಕಾಯಿ ಹೊಲದ ಅಕ್ಕಡಿ ಸಾಲು ಉತ್ತಮ ನಿದರ್ಶನ. ಪ್ರತಿ 6ನೆಯ ಸಾಲಿಗೆ ತೊಗರಿಯನ್ನೂ ಪ್ರತಿ 8ನೆಯ ಸಾಲಿಗೆ ಅಲಸಂದೆಯನ್ನೂ ಬಿತ್ತಬೇಕೆಂದು ಭಾವಿಸೋಣ. ತೊಗರಿಗೆ 6, 12, 18, 24, 30… ಅಲಸಂದೆಗೆ 8, 16, 24, 32… ಎರಡೂ ಒಂದೇ ಸಾಲನ್ನು ಬೇಡುವುದು ಮೊದಲಿಗೆ 24ರಲ್ಲಿ, ಅನಂತರ 48, 72ರಲ್ಲಿ. ಇವೇ ಸಾಮಾನ್ಯ ಅಪವರ್ತ್ಯಗಳು, ಇವಕ್ಕೆ ಕೊನೆಯಿಲ್ಲ. ಇವುಗಳಲ್ಲಿ ಅತಿ ಚಿಕ್ಕದಾದ 24 ಲಘುತ್ತಮ ಸಾಮಾನ್ಯ ಅಪವರ್ತ್ಯ. ಉಳಿದವೆಲ್ಲ 24ರ ಅಪವರ್ತ್ಯಗಳೇ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಎರಡು ಸಂದೇಹಗಳು ಸಹಜವಾಗಿ ಏಳುತ್ತವೆ. ಮೊದಲನೆಯದು, 6 × 8 = 48 ಏಕೆ ಲಘುತ್ತಮವಲ್ಲ? ಎರಡು ಸಂಖ್ಯೆಗಳ ಗುಣಲಬ್ಧವು ಯಾವಾಗಲೂ ಸಾಮಾನ್ಯ ಅಪವರ್ತ್ಯವೇ. ಆದರೆ 6 ಮತ್ತು 8ಕ್ಕೆ 2 ಎಂಬ ಸಾಮಾನ್ಯ ಅಪವರ್ತನ ಇರುವುದರಿಂದ ಅದರ ಅರ್ಧಕ್ಕೇ ಅವು ಸಂಧಿಸುತ್ತವೆ. 4 ಮತ್ತು 7ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನ ಇಲ್ಲದುದರಿಂದ ಅವುಗಳ ಲಘುತ್ತಮ 28. ಎರಡನೆಯದು, ಸೊನ್ನೆಯೂ ಎಲ್ಲ ಸಂಖ್ಯೆಗಳ ಅಪವರ್ತ್ಯವಲ್ಲವೇ? ಹೌದು. ಆದುದರಿಂದಲೇ ಲಘುತ್ತಮವನ್ನು ಹೇಳುವಾಗ ಸೊನ್ನೆಯನ್ನು ಬಿಡುತ್ತೇವೆ.

ಈ ಗ್ರಹಿಕೆಯ ಫಲ ಭಿನ್ನರಾಶಿಯ ಪಾಠದಲ್ಲಿ ಕಾಣುತ್ತದೆ. 1/6 + 1/8 ಕೂಡಲು ಸಮಾನ ಛೇದ 24 ಬೇಕು; ಮೊತ್ತ 4/24 + 3/24 = 7/24. ಪದಗಳನ್ನು ಅದಲುಬದಲು ಮಾಡಿಕೊಂಡ ವಿದ್ಯಾರ್ಥಿ 2ನ್ನು ಛೇದವಾಗಿ ಆರಿಸಿ ಮುಂದೆ ದಾರಿ ಕಾಣದೆ ನಿಲ್ಲುತ್ತಾನೆ. ಆದುದರಿಂದ ಮೌಲ್ಯಮಾಪನದಲ್ಲಿ ‘12ರ ಅಪವರ್ತನಗಳಾವುವು? 12ರ ಮೊದಲ ಐದು ಅಪವರ್ತ್ಯಗಳಾವುವು?’ ಎಂಬ ಎರಡೂ ಪ್ರಶ್ನೆಗಳನ್ನು ಜೊತೆಯಾಗಿ ಕೇಳಬೇಕು. ಉತ್ತರ ತಪ್ಪಿದಲ್ಲಿ ಮಗ್ಗಿಯನ್ನು ಮತ್ತೆ ಕಲಿಸುವ ಮುನ್ನ, ಮಗು ಆ ಪದವನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂದು ವಿಚಾರಿಸಬೇಕು.