ಮುಸ್ಸಂಜೆಯ ವಿಷಾದಕ್ಕೆ ಕನ್ನಡದ ದನಿ

ಬೆಂಗಳೂರು: ಮಾಗಡಿ ರಸ್ತೆಯ ವಾಹನದಟ್ಟಣೆಯಲ್ಲಿ ಸಿಲುಕಿ ಬ್ಯಾಡರಹಳ್ಳಿಗೆ ಮರಳುವ ಸಂಜೆ, ಗಿಟಾರ್ ಹಿಡಿದು ತಾನೇ ಬರೆದುದನ್ನು ಹಾಡುವ ಪಾಶ್ಚಾತ್ಯ ಗಾಯಕರ ಆಲ್ಬಂಗಳಿಗೆ ಕಿವಿಗೊಡುವವರುಂಟು. ಕನ್ನಡದಲ್ಲಿ ಅಂಥದ್ದೇನಿದೆ? ಸಮೀಪದ ಉತ್ತರ ಭಾವಗೀತೆ. ಆದರೆ ಇಲ್ಲಿ ಬರೆಯುವವರು ಕವಿಗಳು, ರಾಗ ಸಂಯೋಜಿಸಿ ಹಾಡುವವರು ಬೇರೆ.

ವಿಷಾದವನ್ನೇ ಅರಸುವವರು ನಿಸಾರ್ ಅಹಮದ್ ಕವಿತೆಗಳ 'ನಿತ್ಯೋತ್ಸವ'ದಿಂದ ಆರಂಭಿಸಬೇಕಿಲ್ಲ. ಮೈಸೂರು ಅನಂತಸ್ವಾಮಿಯವರ ಆ ಧ್ವನಿಸುರುಳಿ ಹೆಸರಿಗೆ ತಕ್ಕಂತೆ ಉತ್ಸವವೇ. ಮೊದಲು ಕೇಳಬೇಕಾದುದು ಶಿಶುನಾಳ ಶರೀಫರ (1819–1889) ಮಾಳಿಗೆ ಸೋರುವ ತತ್ವಪದ. ಸೋರುವುದು ಬರಿಯ ಮನೆಯಲ್ಲ, ಅರಿವುಗೆಟ್ಟ ಬಾಳು. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತ ನೀಡಿದ ಸಿ. ಅಶ್ವತ್ಥ್ ಅದನ್ನು ಹಾಡಿದಾಗ ಕೊರಳು ಬಿರಿದಂತೆ ಭಾಸವಾಗುತ್ತದೆ. ಅದೇ ಪದವನ್ನು ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಹೊಸ ವಾದ್ಯಗಳೊಡನೆ ಹಾಡಿದ್ದಾರೆ. ಎರಡನ್ನೂ ಒಂದರ ಹಿಂದೊಂದು ಕೇಳುವುದು ಲೇಸು.

ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರಲ್ಲಿ ಅಗಲಿದರು. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಅಚ್ಚಾಗುತ್ತಿದ್ದ ಕವಿಯ ಹೆಸರು ಮೊಬೈಲ್ ಪರದೆಯಲ್ಲಿ ಎಷ್ಟೋ ಬಾರಿ ಕಾಣಸಿಗದು. ಸ್ನೇಹಿತರಿಗೆ ಹಾಡು ಕಳುಹಿಸುವವರು ಗಾಯಕನೊಡನೆ ಕವಿಯ ಹೆಸರನ್ನೂ ಬರೆದರೆ, ಕೇಳಿದವರಿಗೆ ಆತನ ಉಳಿದ ಕವಿತೆಗಳನ್ನು ಹುಡುಕಿಕೊಳ್ಳುವುದು ಸುಲಭ.