ಬೆನ್ನ ಹಿಂದಿನ ಮಾತಿಗೂ ಅಳತೆಗೋಲು

ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ, ಎದುರಿಗಿಲ್ಲದ ಸಹೋದ್ಯೋಗಿಯನ್ನು ಕುರಿತು ಆಡುವ ಮಾತನ್ನು ಅಳೆಯಬಹುದೆ? ತುರ್ಕಿಯಲ್ಲಿ ಅಧ್ಯಾಪಕರಿಗಾಗಿಯೇ ರಚಿತವಾಗಿ 2018ರಲ್ಲಿ ಪ್ರಕಟವಾದ ಪ್ರಶ್ನಾವಳಿಯು ಅದನ್ನು ಮೂರು ಬಾಬುಗಳಾಗಿ ವಿಂಗಡಿಸುತ್ತದೆ: ಸುದ್ದಿ ತಿಳಿಯುವುದು, ಸ್ನೇಹ ಬೆಳೆಯುವುದು, ಸಂಸ್ಥೆಗೆ ಹಾನಿಯಾಗುವುದು. ಮೊದಲೆರಡು ಜಮೆ, ಕೊನೆಯದು ಖರ್ಚು. 2019ರ ಅಮೆರಿಕದ ಅಧ್ಯಯನವೊಂದರಲ್ಲಿ 467 ಮಂದಿಯ ಮಾತುಕತೆಯನ್ನು ಆಗಾಗ ಧ್ವನಿಮುದ್ರಿಸಿ ನೋಡಿದಾಗ, ಪರರ ಪ್ರಸ್ತಾಪಕ್ಕೆ ದಿನಕ್ಕೆ ಸರಾಸರಿ 52 ನಿಮಿಷ ಸಲ್ಲುತ್ತಿತ್ತು. ಅದರ ಸುಮಾರು ಮುಕ್ಕಾಲು ಪಾಲು ಸ್ತುತಿಯೂ ಅಲ್ಲ, ನಿಂದೆಯೂ ಅಲ್ಲ; ಉಳಿದುದರಲ್ಲಿ ಮಾತ್ರ ನಿಂದೆಯದೇ ಮೇಲುಗೈ.

ಊರು ಬಿಟ್ಟು ಮಾಟುಂಗದ ಶಾಲೆಗೆ ಬಂದ ಶಿಕ್ಷಕಿಗೆ ಆ ಕೊಠಡಿಯೇ ಎರಡನೆಯ ಮನೆ. ತಾನು ಕಾಲಿಟ್ಟೊಡನೆ ಮಾತು ನಿಂತರೆ ಆಕೆಯ ನಿದ್ರೆ, ನೆಮ್ಮದಿ ಎರಡೂ ಕೆಡಬಹುದು, ಪಾಠವೂ ಸೊರಗಬಹುದು. ಹರಟೆಯನ್ನು ನಿಷೇಧಿಸಬೇಕಾಗಿಲ್ಲ. ಎದುರಿಗೆ ಆಡಲಾಗದ ಮಾತನ್ನು ಹಿಂದೆಯೂ ಆಡದಿದ್ದರೆ ಖರ್ಚಿನ ಬಾಬು ತಾನಾಗಿ ಇಳಿಯುತ್ತದೆ.